ಕಣ್ಣು ತೋರಿಸುವ ಜಾಗ ಅಂಗಡಿಯಲ್ಲ

ಮಾನ್ಯ ಸಂಪಾದಕರೇ,

ನಮ್ಮ ಕಡೆ ಕಣ್ಣು ಕೆಂಪಾದರೆ ಜನ ಮೆಡಿಕಲ್ ಶಾಪಿಗೆ ಹೋಗುತ್ತಾರೆ, ಮಂಜಾದರೆ ಕನ್ನಡಕದ ಅಂಗಡಿಗೆ ಬರುತ್ತಾರೆ. ಎರಡೂ ಕಡೆ ಕೆಲಸ ಆಗಲಿಲ್ಲ ಅಂದಮೇಲೆ ಡಾಕ್ಟರ್ ನೆನಪಾಗುತ್ತಾರೆ. ಅಷ್ಟರಲ್ಲಿ ಕೆಲವರಿಗೆ ಕಾಲ ಮೀರಿರುತ್ತದೆ. ನಾನು ದಾವಣಗೆರೆಯಲ್ಲಿ ಕನ್ನಡಕದ ಅಂಗಡಿ ನಡೆಸುವವನು. ಡಾಕ್ಟರ್ ಅಲ್ಲ. ಆದರೆ ಬಾಗಿಲು ತೆಗೆದಾಗಿನಿಂದ ಹಾಕುವ ತನಕ ಜನರ ಕಣ್ಣು ನೋಡುವುದು, ಡಾಕ್ಟರ್ ಬರೆದ ಚೀಟಿ ಓದುವುದು, ಅವರ ಕಷ್ಟ ಕೇಳುವುದು ನನ್ನ ಕೆಲಸ. ಜಗಳೂರು, ಹರಿಹರ, ಚನ್ನಗಿರಿ, ಹೊಳಲ್ಕೆರೆ ಕಡೆಯಿಂದೆಲ್ಲ ಬರುತ್ತಾರೆ. ನೋಡಿ ನೋಡಿ ತಡೆಯಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಹಾಕಿ.

ಮೊದಲು ಕೆಂಪು ಕಣ್ಣಿನ ವಿಷಯ. 2023ರ ಮಳೆಗಾಲದಲ್ಲಿ ರಾಜ್ಯದಲ್ಲಿ ಮದ್ರಾಸ್ ಐ ಹಬ್ಬಿದ್ದು ಎಲ್ಲರಿಗೂ ನೆನಪಿರಬಹುದು. ಶಾಲೆಗೆ ಹೋದ ಮಗು ತರುತ್ತಿತ್ತು, ಎರಡು ದಿನಕ್ಕೆ ಮನೆಮಂದಿಗೆಲ್ಲ ಅಂಟುತ್ತಿತ್ತು. ಅದು ಹೆಚ್ಚಾಗಿ ವೈರಸ್‌ನಿಂದ ಬರುವ ಬೇನೆ. ಒಂದು ವಾರ, ಹೆಚ್ಚೆಂದರೆ ಎರಡು ವಾರ, ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ತಣ್ಣೀರಿನ ಬಟ್ಟೆ ಇಟ್ಟುಕೊಳ್ಳಿ, ಕಣ್ಣು ಉಜ್ಜಬೇಡಿ, ಆಗಾಗ ಸೋಪು ಹಾಕಿ ಕೈ ತೊಳೆಯಿರಿ, ಟವೆಲ್ಲು ದಿಂಬು ಬೇರೆ ಇಟ್ಟುಕೊಳ್ಳಿ, ಮಕ್ಕಳನ್ನು ಶಾಲೆಗೆ ಕಳಿಸಬೇಡಿ. ಬಹಳ ಜನಕ್ಕೆ ಇಷ್ಟೇ ಸಾಕು. ಕಣ್ಣು ಬಂದವರನ್ನು ನೋಡಿದರೆ ನಮಗೂ ಬರುತ್ತದೆ ಅನ್ನುವುದು ಸುಳ್ಳು. ಅದು ಬರುವುದು ಕೈಯಿಂದ, ಬಟ್ಟೆಯಿಂದ. ಕಪ್ಪು ಕನ್ನಡಕ ಬೆಳಕಿನ ಕಿರಿಕಿರಿ ಕಡಿಮೆ ಮಾಡುತ್ತದೆ, ರೋಗ ಹರಡುವುದನ್ನು ತಡೆಯುವುದಿಲ್ಲ. ಆ ವರ್ಷ ಕಪ್ಪು ಕನ್ನಡಕ ಕೇಳಿಕೊಂಡು ಬಂದವರಿಗೆಲ್ಲ ಇದನ್ನು ಹೇಳಿಯೇ ಕೊಟ್ಟಿದ್ದೇನೆ.

ಆದರೆ ಕೆಂಪಾದ ಕಣ್ಣೆಲ್ಲ ಮದ್ರಾಸ್ ಐ ಅಲ್ಲವಲ್ಲ. ಇಲ್ಲೇ ತೊಂದರೆ ಶುರುವಾಗುವುದು. ಕೌಂಟರ್ ಮುಂದೆ ನಿಂತು 'ಅಣ್ಣಾ, ಕಣ್ಣು ಕೆಂಪಾಗೈತೆ, ಒಂದು ಡ್ರಾಪ್ಸ್ ಕೊಡು' ಅಂದರೆ ಸಾಕು, ಒಂದು ಬಾಟಲಿ ಕೈಗೆ ಬರುತ್ತದೆ. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಡೆಕ್ಸಾಮೆಥಾಸೋನ್ ಅಂತಲೋ ಬೀಟಾಮೆಥಾಸೋನ್ ಅಂತಲೋ ಪ್ರೆಡ್ನಿಸೊಲೋನ್ ಅಂತಲೋ ಇದ್ದರೆ ಅದು ಸ್ಟೀರಾಯ್ಡ್. ಹಾಕಿದ ಮರುದಿನವೇ ಕಣ್ಣು ಬೆಳ್ಳಗಾಗುತ್ತದೆ, ನೋವು ಇಳಿಯುತ್ತದೆ. ಅದಕ್ಕೇ ಜನಕ್ಕೆ ಅದರ ಮೇಲೆ ಅಷ್ಟು ನಂಬಿಕೆ. ಒಳಗೆ ಇರುವುದು ಬೂಷ್ಟಿನ ಸೋಂಕಾದರೆ, ಈ ಡ್ರಾಪ್ಸ್ ಹಾಕುವುದು ಕಳೆಗೆ ಗೊಬ್ಬರ ಹಾಕಿದ ಹಾಗೆ. ಮೇಲೆ ಎಲ್ಲ ಸರಿ ಹೋದಂತೆ ಕಾಣುತ್ತದೆ, ಕೆಳಗೆ ಗಾಯ ಬೆಳೆಯುತ್ತಲೇ ಹೋಗುತ್ತದೆ. ಇನ್ನು ಕೆಲವರು ಕಣ್ಣಿನ ತುರಿಕೆಗೆ ಅಂತ ಅದೇ ಬಾಟಲಿಯನ್ನು ತಿಂಗಳುಗಟ್ಟಲೆ ಹಾಕಿಕೊಳ್ಳುತ್ತಾರೆ. ಅಂಥವರಿಗೆ ಕಣ್ಣಿನ ಒತ್ತಡ ಏರಬಹುದು, ಚಿಕ್ಕ ವಯಸ್ಸಿಗೇ ಪೊರೆ ಬರಬಹುದು. ಸ್ಟೀರಾಯ್ಡ್ ಕೆಟ್ಟ ಔಷಧಿ ಅಂತ ನಾನು ಹೇಳುತ್ತಿಲ್ಲ. ಆಪರೇಷನ್ ಆದಮೇಲೆ ಡಾಕ್ಟರೇ ಬರೆದುಕೊಡುತ್ತಾರೆ, ಇಷ್ಟು ದಿನ ದಿನಕ್ಕೆ ಇಷ್ಟು ಸಲ, ಆಮೇಲೆ ಕಡಿಮೆ ಮಾಡುತ್ತಾ ಬನ್ನಿ ಅಂತ ಲೆಕ್ಕ ಹಾಕಿ ಬರೆದಿರುತ್ತಾರೆ. ಉಳಿದ ಬಾಟಲಿ ಗೋಡೆಯ ಗೂಡಿನಲ್ಲಿ ಕೂರುತ್ತದೆ, ಆರು ತಿಂಗಳಾದ ಮೇಲೆ ಮೊಮ್ಮಗನ ಕಣ್ಣಿಗೆ ಬೀಳುತ್ತದೆ. ಕಣ್ಣಿನ ಡ್ರಾಪ್ಸ್ ಯಾವುದೇ ಆಗಲಿ, ಮುಚ್ಚಳ ತೆಗೆದು ಒಂದು ತಿಂಗಳಾದರೆ ಬಿಸಾಡಬೇಕು. ಬಾಟಲಿ ಮೇಲೆ ತೆಗೆದ ತಾರೀಕು ಪೆನ್ನಿನಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ.

ಈ ಬೂಷ್ಟಿನ ಸೋಂಕು ನಮ್ಮ ಜಿಲ್ಲೆಯಂಥ ಕಡೆ ಯಾಕೆ ಮುಖ್ಯ ಅಂದರೆ, ಅದು ಹೊಲದಿಂದ ಬರುವ ರೋಗ. ಮೆಕ್ಕೆಜೋಳ ಮುರಿಯುವ ಕಾಲಕ್ಕೆ ಹೊಲಕ್ಕೆ ಇಳಿದು ನೋಡಿ. ಗರಿ ಒಣಗಿ ಗರಗಸದ ಅಂಚು ಬಂದಿರುತ್ತದೆ, ಸಾಲಿನ ಮಧ್ಯೆ ಬಗ್ಗಿ ನಡೆಯುವಾಗ ಮುಖಕ್ಕೇ ಬಡಿಯುತ್ತದೆ. ಭದ್ರಾ ನಾಲೆ ಕಡೆ ಭತ್ತದ ಒಕ್ಕಣೆಯಲ್ಲಿ ಹೊಟ್ಟು ಹಾರುತ್ತದೆ. ಕರಿಗುಡ್ಡೆ ಮೇಲೆ ಕಾರ್ನಿಯಾ ಅಂತ ಒಂದು ತೆಳು ಪಾರದರ್ಶಕ ಪದರ ಇದೆ. ಅದಕ್ಕೆ ಒಂದು ಗೀರು ಬಿದ್ದರೆ ಸಾಕು, ಗರಿಯ ಮೇಲಿನ ಬೂಷ್ಟು ಒಳಗೆ ಸೇರಿಕೊಳ್ಳುತ್ತದೆ. ಮೊದಲ ದಿನ ಬರೀ ಚುಚ್ಚಿದಂತೆ ಇರುತ್ತದೆ, ನೀರು ಸುರಿಯುತ್ತದೆ. ಆಗ ಊರಲ್ಲಿ ಏನು ಮಾಡುತ್ತಾರೆ ಅಂತ ಬರೆಯಲೇಬೇಕು. ನಾಲಿಗೆಯಿಂದ ಕಣ್ಣಿನ ಕಸ ತೆಗೆಯುವವರು ಇನ್ನೂ ಇದ್ದಾರೆ. ಸೀರೆ ಸೆರಗಿನ ತುದಿ ಹುರಿ ಮಾಡಿ ಕಣ್ಣೊಳಗೆ ಆಡಿಸುತ್ತಾರೆ. ಹರಳೆಣ್ಣೆ, ಎದೆಹಾಲು, ಈರುಳ್ಳಿ ರಸ, ಯಾವುದೋ ಸೊಪ್ಪಿನ ರಸ ಬಿಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಬಾಯಿಯ ಎಂಜಲಲ್ಲಿ ಇರುವ ಕ್ರಿಮಿ ಗಾಯವಾದ ಕಣ್ಣಿಗೆ ಹೋದರೆ ಒಂದು ಗೀರು ಇದ್ದದ್ದು ಹುಣ್ಣಾಗುತ್ತದೆ.

ಕಳೆದ ಕಟಾವಿನ ಹೊತ್ತಿಗೆ ಮಾಯಕೊಂಡ ಕಡೆಯ ಒಬ್ಬ ರೈತರು ಬಂದಿದ್ದರು. ಟವೆಲ್ಲಿನಲ್ಲಿ ಒಂದು ಕಣ್ಣು ಮುಚ್ಚಿಕೊಂಡಿದ್ದರು. 'ತಮ್ಮಾ, ಒಂದು ಕಪ್ಪು ಕನ್ನಡಕ ಕೊಡು, ಬಿಸಿಲಿಗೆ ಬಿಡೋಕೆ ಆಗ್ತಿಲ್ಲ' ಅಂದರು. ಟವೆಲ್ ತೆಗೆಸಿ ನೋಡಿದೆ. ಕರಿಗುಡ್ಡೆ ಮೇಲೆ ಮೆಂತ್ಯಕಾಳಿನಷ್ಟು ಬೂದುಬಣ್ಣದ ಚುಕ್ಕೆ, ಅಂಚು ಹರಿದಂತೆ ಇತ್ತು, ಸುತ್ತ ಕೆಂಪು. ಜೇಬಿನಲ್ಲಿ ಡ್ರಾಪ್ಸ್ ಬಾಟಲಿ, ಅದೇ ಸ್ಟೀರಾಯ್ಡ್. ಕನ್ನಡಕ ಕೊಡಲಿಲ್ಲ, ಆಟೋ ಹತ್ತಿಸಿ ಕಣ್ಣಿನ ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ಆ ಹುಣ್ಣಿನಿಂದ ಸ್ವಲ್ಪ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿ ಬೂಷ್ಟು ಅಂತ ಖಚಿತ ಮಾಡಿ, ನ್ಯಾಟಮೈಸಿನ್ ಡ್ರಾಪ್ಸ್ ಶುರು ಮಾಡಿದರಂತೆ. ಅದನ್ನು ಶುರುವಿನಲ್ಲಿ ಗಂಟೆಗೊಂದು ಸಲ ಹಾಕಬೇಕು, ವಾರಗಟ್ಟಲೆ ಬಿಡದೆ ಹಾಕಬೇಕು. ಅವರ ಕಣ್ಣು ಉಳಿಯಿತು. ಆದರೆ ಆ ಜಾಗದಲ್ಲಿ ಬಿಳಿ ಕಲೆ ಹಾಗೇ ಉಳಿದಿದೆ, ನಮ್ಮ ಜನ ಕಣ್ಣಲ್ಲಿ ಹೂ ಬಿದ್ದಿದೆ ಅನ್ನುತ್ತಾರಲ್ಲ, ಅದು. ಗರಿ ಬಡಿದ ದಿನವೇ ಹೋಗಿದ್ದರೆ ಕಲೆ ಇಷ್ಟು ದೊಡ್ಡದಾಗುತ್ತಿರಲಿಲ್ಲ ಅಂತ ಡಾಕ್ಟರ್ ಹೇಳಿದರಂತೆ. ಹೂ ಬಿದ್ದ ಕಣ್ಣಿಗೆ ಯಾವ ಡ್ರಾಪ್ಸೂ ಇಲ್ಲ, ಕಲೆ ದೃಷ್ಟಿಗೆ ಅಡ್ಡ ಬಂದರೆ ಸಾಮಾನ್ಯವಾಗಿ ಉಳಿಯುವ ದಾರಿ ಸತ್ತವರು ದಾನ ಕೊಟ್ಟ ಕಾರ್ನಿಯಾ ಕಸಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು, ಅದು ಈ ಕಾರ್ನಿಯಾ ಕಸಿಯಿಂದಲೇ. ಸತ್ತು ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಅದಕ್ಕೆ ಮನೆಯವರು ಕೂಡಲೇ ಫೋನ್ ಮಾಡಬೇಕು. ಕನ್ನಡಕ ಹಾಕುತ್ತಿದ್ದವರೂ, ಪೊರೆ ಆಪರೇಷನ್ ಆದವರೂ, ಶುಗರ್ ಇದ್ದವರೂ ಕೊಡಬಹುದು.

ಕಣ್ಣು ಕೆಂಪಾಗಿದ್ದು ಜೊತೆಗೆ ನೋವು ಇದ್ದರೆ, ಬೆಳಕು ನೋಡಲು ಆಗದಿದ್ದರೆ, ದೃಷ್ಟಿ ಮಬ್ಬಾದರೆ, ಬಿಳಿ ಚುಕ್ಕೆ ಕಂಡರೆ, ಅಥವಾ ಹೊಲದಲ್ಲೋ ವೆಲ್ಡಿಂಗ್ ಅಂಗಡಿಯಲ್ಲೋ ಏನಾದರೂ ಬಡಿದಿದ್ದರೆ ಮೆಡಿಕಲ್ ಶಾಪಿಗೆ ಹೋಗಲೇಬೇಡಿ. ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಹುಡುಗ ಹುಡುಗಿಯರಿಗೂ ಇದೇ ಮಾತು.

ಸುಣ್ಣದ ವಿಷಯ ಬೇರೆಯಾಗಿ ಹೇಳಬೇಕು. ಎಲೆ ಅಡಿಕೆ ಹಾಕುವ ಮನೆ ನಮ್ಮಲ್ಲಿ ಎಷ್ಟಿಲ್ಲ? ಸುಣ್ಣ ಈಗ ಸಣ್ಣ ಪ್ಲಾಸ್ಟಿಕ್ ಟ್ಯೂಬಿನಲ್ಲಿ, ಪಾಕೆಟಿನಲ್ಲಿ ಬರುತ್ತದೆ. ಅಜ್ಜಿಯ ಚೀಲದಿಂದ ಮಗು ತೆಗೆದುಕೊಳ್ಳುತ್ತದೆ, ಹಿಸುಕುತ್ತದೆ, ಮುಚ್ಚಳ ಚಿಮ್ಮಿ ಸುಣ್ಣ ನೇರ ಕಣ್ಣಿಗೆ ಹಾರುತ್ತದೆ. ಕಣ್ಣಿಗೆ ಸುಣ್ಣ ಬೀಳುವುದು ಎಷ್ಟೋ ಆಸಿಡ್‌ಗಿಂತ ಕೆಟ್ಟದ್ದು, ಅದು ಒಳಗೊಳಗೇ ಸುಡುತ್ತಾ ಹೋಗುತ್ತದೆ. ಆಸ್ಪತ್ರೆಗೆ ಓಡುವ ಮುಂಚೆ ಅಲ್ಲೇ, ಆ ಕ್ಷಣವೇ, ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರು ಅರ್ಧ ಗಂಟೆ ಬಿಡದೆ ಹಾಕಬೇಕು. ಮಗು ಅರಚುತ್ತದೆ, ಒದ್ದಾಡುತ್ತದೆ, ಆದರೂ ಬಿಡಬಾರದು. ತುಪ್ಪ, ಎಣ್ಣೆ, ಹಾಲು ಹಾಕಬಾರದು. ಆಮೇಲೆ ಆಸ್ಪತ್ರೆ. ರೆಪ್ಪೆಯ ಒಳಗೆ ಸಿಕ್ಕಿಕೊಂಡ ಸುಣ್ಣದ ಚೂರನ್ನು ಅವರು ತೆಗೆಯಬೇಕು. ಅಡಿಕೆ ಹಾಕುವ ಹಿರಿಯರಲ್ಲಿ ಕೈಮುಗಿದು ಕೇಳುತ್ತೇನೆ, ಸುಣ್ಣವನ್ನು ಮಕ್ಕಳ ಕೈಗೆ ಸಿಗದ ಹಾಗೆ ಎತ್ತರದಲ್ಲಿ ಇಡಿ.

ಇನ್ನು ನನ್ನ ಅಂಗಡಿಗೇ ಬರುವ ತೊಂದರೆ, ಮಂಜು. 'ನಂಬರ್ ಹೆಚ್ಚಾಗೈತೆ ಕಾಣ್ತದೆ, ಹೊಸ ಗ್ಲಾಸ್ ಹಾಕು' ಅಂತ ಬರುವ ಅರವತ್ತು ದಾಟಿದವರಲ್ಲಿ ಬಹಳಷ್ಟು ಜನಕ್ಕೆ ಇರುವುದು ಪೊರೆ. ಕಣ್ಣಿನ ಒಳಗಿನ ಲೆನ್ಸ್ ವಯಸ್ಸಾದಂತೆ ಮಬ್ಬಾಗುತ್ತದೆ, ಅಷ್ಟೇ. ಅದರಲ್ಲಿ ಒಂದು ವಿಚಿತ್ರ ಇದೆ. ಕೆಲವು ಥರದ ಪೊರೆ ಶುರುವಾದಾಗ ಹತ್ತಿರದ ನೋಟ ಸುಧಾರಿಸುತ್ತದೆ. ಹದಿನೈದು ವರ್ಷದಿಂದ ಚಾಳೀಸು ಹಾಕುತ್ತಿದ್ದ ಅಜ್ಜಿ ಒಂದು ದಿನ ಕನ್ನಡಕ ಇಲ್ಲದೆ ಪೇಪರ್ ಓದುತ್ತಾರೆ. ಮನೆಯವರಿಗೆಲ್ಲ ಸಂತೋಷ, ಕಣ್ಣು ಮತ್ತೆ ಚುರುಕಾಯಿತು ಅಂತ. ಅದು ಚುರುಕಾದದ್ದಲ್ಲ, ಲೆನ್ಸ್ ಗಟ್ಟಿಯಾಗಿ ನಂಬರ್ ಮೈನಸ್ ಕಡೆಗೆ, ಅಂದರೆ ಹತ್ತಿರದ್ದು ಕಂಡು ದೂರದ್ದು ಮಸುಕಾಗುವ ಕಡೆಗೆ, ತಿರುಗಿದ್ದು. ಕೆಲ ಕಾಲ ಆದಮೇಲೆ ಹತ್ತಿರವೂ ಮಸುಕು, ದೂರವೂ ಮಸುಕು.

ಪೊರೆಗೆ ಡ್ರಾಪ್ಸ್ ಇಲ್ಲ, ಮಾತ್ರೆ ಇಲ್ಲ, ಕಷಾಯ ಇಲ್ಲ. ಕರಗಿಸುತ್ತೇವೆ ಅಂತ ಯಾರು ಹೇಳಿದರೂ ನಂಬಬೇಡಿ. ಇರುವುದು ಆಪರೇಷನ್ ಒಂದೇ. ಆದರೆ ಅದಕ್ಕೆ ಜನ ಹೇಳುವ ಕಾರಣ ಕೇಳಿದರೆ ಹೊಟ್ಟೆ ಉರಿಯುತ್ತದೆ. 'ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ' ಅನ್ನುತ್ತಾರೆ. ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಡಾ. ಎಂ.ಸಿ. ಮೋದಿ ಅವರು ಊರೂರಲ್ಲಿ ಶಿಬಿರ ಹಾಕಿ ಸಾವಿರಾರು ಜನಕ್ಕೆ ಕಣ್ಣು ಕೊಟ್ಟ ಕಾಲದಲ್ಲಿ ಮಬ್ಬಾದ ಲೆನ್ಸನ್ನು ಇಡಿಯಾಗಿ ತೆಗೆಯುತ್ತಿದ್ದರು. ಆಗ ಅದು ಬಲಿತಿದ್ದರೆ ಅನುಕೂಲ. ಒಳಗೆ ಬೇರೆ ಲೆನ್ಸ್ ಇಡುತ್ತಿರಲಿಲ್ಲ, ಅದಕ್ಕೆ ಆ ಕಾಲದ ಅಜ್ಜಂದಿರಿಗೆ ಸೋಡಾ ಗ್ಲಾಸಿನಂಥ ದಪ್ಪ ಕನ್ನಡಕ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಅನ್ನುವ ಡಾಕ್ಟರ್ 1949ರಲ್ಲೇ ಕಣ್ಣೊಳಗೆ ಕೃತಕ ಲೆನ್ಸ್ ಇಟ್ಟಿದ್ದರೂ ನಮ್ಮ ಹಳ್ಳಿಗಳಿಗೆ ಅದು ಬರಲು ದಶಕಗಳೇ ಬೇಕಾದವು. ಈಗ ಸಣ್ಣ ಗಾಯ ಮಾಡಿ, ಲೆನ್ಸನ್ನು ಒಳಗೇ ಪುಡಿ ಮಾಡಿ ಹೀರಿ, ಅದೇ ಜಾಗಕ್ಕೆ ಹೊಸ ಲೆನ್ಸ್ ಕೂರಿಸುತ್ತಾರೆ. ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷದ ಕೆಲಸ, ಎಷ್ಟೋ ಜನ ಅದೇ ದಿನ ಮನೆಗೆ ಹೋಗುತ್ತಾರೆ. ಈ ವಿಧಾನಕ್ಕೆ ಪೊರೆ ಬಲಿಯುವುದು ಅನುಕೂಲ ಅಲ್ಲ, ತೊಂದರೆ. ಬಲಿತಷ್ಟೂ ಗಟ್ಟಿಯಾಗುತ್ತದೆ, ಆಪರೇಷನ್ ಕಷ್ಟವಾಗುತ್ತದೆ. ತೀರಾ ಬಿಟ್ಟರೆ ಲೆನ್ಸ್ ಒಳಗೇ ಸೋರಿ ಕಣ್ಣಿನ ಒತ್ತಡ ಏರಿ, ತಡೆಯಲಾಗದ ನೋವು ಬಂದು, ದೃಷ್ಟಿಯೇ ಹೋಗಬಹುದು. ದಿನದ ಕೆಲಸಕ್ಕೆ ತೊಂದರೆ ಆಗುತ್ತಿದೆ ಅಂದರೆ ಅದೇ ಸರಿಯಾದ ಸಮಯ. ಅಕ್ಕಿಯಲ್ಲಿ ಕಲ್ಲು ಕಾಣದಿದ್ದರೆ, ಬಸ್ಸಿನ ಬೋರ್ಡ್ ಓದಲಾಗದಿದ್ದರೆ, ರಾತ್ರಿ ಎದುರಿನ ಗಾಡಿ ಬೆಳಕು ಒಡೆದು ಕಂಡರೆ ಹೋಗಿ ತೋರಿಸಿ.

ಆಪರೇಷನ್ ಆಗಿ ವರ್ಷ ಎರಡು ವರ್ಷದ ಮೇಲೆ ಮತ್ತೆ ಮಂಜಾದರೆ 'ಪೊರೆ ಮತ್ತೆ ಬಂತು' ಅಂತ ಹೆದರಬೇಡಿ. ಲೆನ್ಸ್ ಹಿಂದಿನ ಪದರ ಮಬ್ಬಾಗಿರಬಹುದು. ಅದಾಗಿದ್ದರೆ ಲೇಸರ್‌ನಲ್ಲಿ ಕೆಲವೇ ನಿಮಿಷದಲ್ಲಿ ಸರಿ ಮಾಡುತ್ತಾರೆ.

ಕನ್ನಡಕದ ಅಂಗಡಿಯಲ್ಲಿ ಸಿಕ್ಕಿಬೀಳುವ ಇನ್ನೊಂದು ರೋಗ ಶುಗರ್. ತಿಂಗಳ ಹಿಂದೆ ಮಾಡಿಸಿದ ಗ್ಲಾಸ್ ಈಗ ಹೊಂದುತ್ತಿಲ್ಲ ಅಂತ ವಾಪಸ್ ಬರುತ್ತಾರೆ, ಜಗಳ ಆಡುತ್ತಾರೆ. ನಾನು ಮೊದಲು ಕೇಳುವುದು 'ಶುಗರ್ ಚೆಕ್ ಮಾಡಿಸಿದ್ದೀರಾ' ಅಂತ. ರಕ್ತದಲ್ಲಿ ಸಕ್ಕರೆ ಏರಿಳಿದರೆ ಕಣ್ಣಿನ ನಂಬರೂ ಏರಿಳಿಯುತ್ತದೆ. ಶುಗರ್ ಒಂದು ಹದಕ್ಕೆ ಬರುವ ತನಕ ಹೊಸ ಕನ್ನಡಕ ಮಾಡಿಸಬಾರದು, ದುಡ್ಡು ದಂಡ. ಇದು ಸಣ್ಣ ತೊಂದರೆ. ದೊಡ್ಡದು ಕಣ್ಣಿನ ಹಿಂಭಾಗದಲ್ಲಿ, ರೆಟಿನಾದಲ್ಲಿ ಆಗುತ್ತದೆ. ಅಲ್ಲಿನ ಸಣ್ಣ ರಕ್ತನಾಳ ಸೋರುತ್ತವೆ, ಆಮೇಲೆ ಒಡೆಯುತ್ತವೆ. ಚಾರ್ಟಿನ ಕೊನೆಯ ಸಾಲನ್ನು ಸಲೀಸಾಗಿ ಓದುವವರಿಗೂ ಒಳಗೆ ಇದು ನಡೆಯುತ್ತಿರಬಹುದು. ಅದಕ್ಕೇ ನಮ್ಮ ಬೋರ್ಡ್ ಓದಿಸಿ ಕಣ್ಣು ಚೆನ್ನಾಗಿದೆ ಅನ್ನಲು ಬರುವುದಿಲ್ಲ. ಈಗ ಹೆಚ್ಚಿನವರಿಗೆ ಇರುವ, ದೊಡ್ಡವರಾದ ಮೇಲೆ ಬರುವ ಶುಗರ್ ಆದರೆ, ಗೊತ್ತಾದ ವರ್ಷದಿಂದಲೇ ವರ್ಷಕ್ಕೊಂದು ಸಲ ಪಾಪೆ ಅರಳಿಸುವ ಡ್ರಾಪ್ಸ್ ಹಾಕಿಸಿಕೊಂಡು ರೆಟಿನಾ ತೋರಿಸಬೇಕು. ಬೇಗ ಗೊತ್ತಾದರೆ ಲೇಸರ್ ಇದೆ, ಕಣ್ಣಿನ ಒಳಗೆ ಕೊಡುವ ಇಂಜೆಕ್ಷನ್ ಇದೆ. ಕಣ್ಣಿಗೆ ಇಂಜೆಕ್ಷನ್ ಅಂದ ತಕ್ಷಣ ಜನ ಎದ್ದು ಬರುತ್ತಾರೆ. ಮರಗಟ್ಟುವ ಡ್ರಾಪ್ಸ್ ಹಾಕಿ ಕೊಡುತ್ತಾರೆ, ಹೆದರುವಂಥದ್ದಲ್ಲ. ಒಂದೇ ಸಲಕ್ಕೆ ಮುಗಿಯದೆ ಇರಬಹುದು, ಮಧ್ಯಕ್ಕೆ ಬಿಡಬಾರದು.

ಗ್ಲಾಕೋಮಾ ಇನ್ನೂ ಕಳ್ಳ. ಕಣ್ಣಿನ ನರ ಸವೆಯುತ್ತಾ ಹೋಗುತ್ತದೆ, ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ. ಅಕ್ಕಪಕ್ಕದ ನೋಟ ಮೊದಲು ಹೋಗುತ್ತದೆ. ಬಾಗಿಲ ಚೌಕಟ್ಟಿಗೆ ಭುಜ ತಾಗುವುದು, ಪಕ್ಕದಿಂದ ಬರುವ ಬೈಕ್ ಕಾಣದಿರುವುದು, ಇದನ್ನೆಲ್ಲ ವಯಸ್ಸು ಅಂದುಕೊಳ್ಳುತ್ತಾರೆ. ಹೋದ ನೋಟ ವಾಪಸ್ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ದಿನಾ ಡ್ರಾಪ್ಸ್ ಹಾಕಬೇಕು, ಹೆಚ್ಚಿನವರು ಜೀವನ ಪೂರ್ತಿ. 'ಹಾಕಿದರೂ ಏನೂ ಸುಧಾರಿಸಲಿಲ್ಲ' ಅಂತ ನಿಲ್ಲಿಸುವವರೇ ಜಾಸ್ತಿ, ಆದರೆ ಆ ಡ್ರಾಪ್ಸ್ ಇರುವುದು ಸುಧಾರಿಸಲು ಅಲ್ಲ, ಕೆಡದಂತೆ ತಡೆಯಲು. ಎರಡು ಥರದ ಡ್ರಾಪ್ಸ್ ಇದ್ದರೆ ಮಧ್ಯೆ ಐದು ನಿಮಿಷ ಬಿಡಿ, ಒಂದು ಹನಿ ಸಾಕು, ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕ ಸ್ವಲ್ಪ ಒತ್ತಿ ಹಿಡಿಯಿರಿ. ಅಪ್ಪ ಅಮ್ಮ, ಅಣ್ಣ ತಮ್ಮಂದಿರಲ್ಲಿ ಯಾರಿಗಾದರೂ ಇದ್ದರೆ ನಲವತ್ತು ದಾಟುವ ಮುಂಚೆಯೇ ಒತ್ತಡವನ್ನೂ ನರವನ್ನೂ ಪರೀಕ್ಷೆ ಮಾಡಿಸಿ. ಇದರಲ್ಲೇ ಇನ್ನೊಂದು ಬಗೆ ಇದೆ. ಇದ್ದಕ್ಕಿದ್ದಂತೆ ಒಂದು ಕಣ್ಣು ಕೆಂಪಾಗಿ, ಅರ್ಧ ತಲೆ ಸಿಡಿದು, ವಾಂತಿ ಆಗಿ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ. ಪಿತ್ತ ಅಂತ ನಿಂಬೆ ಶರಬತ್ತು ಕೊಟ್ಟು ಮಲಗಿಸುತ್ತಾರೆ. ಅದು ಪಿತ್ತ ಅಲ್ಲ, ಗಂಟೆಗಳ ಲೆಕ್ಕದಲ್ಲಿ ಕಣ್ಣು ಹೋಗುವ ಸ್ಥಿತಿ. ಕಣ್ಣ ಮುಂದೆ ಮಿಂಚು ಹೊಡೆದು, ಕಪ್ಪು ಚುಕ್ಕೆ ತೇಲಿ, ಪರದೆ ಇಳಿದಂತೆ ಆದರೂ ಅಷ್ಟೇ, ರೆಟಿನಾ ಕಿತ್ತು ಬರುತ್ತಿರಬಹುದು, ರಾತ್ರಿಯಾದರೂ ಹೊರಡಿ.

ಮಕ್ಕಳ ಬಗ್ಗೆ ಬರೆಯದಿದ್ದರೆ ತಪ್ಪಾಗುತ್ತದೆ. ಮೆಳ್ಳೆಗಣ್ಣು ಅದೃಷ್ಟ ಅಂತ ಬಿಟ್ಟ ಮಗುವಿಗೆ ಆ ಕಣ್ಣಿನ ನೋಟ ಬೆಳೆಯದೇ ಹೋಗಬಹುದು. ಕಣ್ಣು ನೋಡುವುದನ್ನು ಮಿದುಳು ಕಲಿಯುವ ವಯಸ್ಸು ಏಳೆಂಟು ವರ್ಷದ ತನಕ. ಆಗ ಕನ್ನಡಕ ಹಾಕಿ, ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿ ಸೋಮಾರಿ ಕಣ್ಣಿಗೆ ಕೆಲಸ ಕೊಟ್ಟರೆ ಎಷ್ಟೋ ಮಕ್ಕಳಿಗೆ ಅದು ಸುಧಾರಿಸುತ್ತದೆ. ಆ ವಯಸ್ಸು ದಾಟಿದ ಮೇಲೆ ಯಾವ ನಂಬರಿನ ಗ್ಲಾಸ್ ಹಾಕಿದರೂ ಅಷ್ಟು ಫಲ ಸಿಗುವುದು ಕಷ್ಟ. ಮಗುವಿನ ಪಾಪೆಯಲ್ಲಿ ಬಿಳಿ ಕಂಡರಂತೂ ಒಂದು ದಿನವೂ ಕಾಯಬೇಡಿ. ಟಿವಿ ಹತ್ತಿರ ಹೋಗಿ ಕೂರುವುದು, ಬೋರ್ಡ್ ನೋಡಲು ಕಣ್ಣು ಕಿರಿದು ಮಾಡುವುದು ಕಂಡರೆ ಪರೀಕ್ಷೆ ಮಾಡಿಸಿ. ಕನ್ನಡಕ ಹಾಕಿದರೆ ನಂಬರ್ ಏರುತ್ತದೆ ಅನ್ನುವುದು ಸುಳ್ಳು, ಮಗು ಬೆಳೆದಂತೆ ಕಣ್ಣೂ ಬೆಳೆಯುವುದರಿಂದ ಏರುತ್ತದೆ. ಹೆಣ್ಣುಮಕ್ಕಳಿಗೆ ಕನ್ನಡಕ ಬೇಡ, ನಾಳೆ ಮದುವೆಗೆ ತೊಂದರೆ ಅನ್ನುವ ತಾಯಂದಿರು ಈಗಲೂ ಬರುತ್ತಾರೆ. ಅವರಿಗೆ ನಾನು 'ಅಕ್ಕಾ, ಮೊದಲು ಅವಳು ಓದಲಿ, ಬೋರ್ಡ್ ಕಾಣಲಿ' ಅನ್ನುತ್ತೇನೆ. ಮಕ್ಕಳನ್ನು ದಿನಾ ಬಯಲಿನ ಬೆಳಕಿನಲ್ಲಿ ಆಡಲು ಬಿಡಿ, ಮೈನಸ್ ನಂಬರ್ ಬರುವುದು ಅದರಿಂದ ಕಡಿಮೆಯಾಗುತ್ತದೆ.

ದುಡ್ಡಿಲ್ಲ ಅಂತ ಸುಮ್ಮನಿರುವವರಿಗೆ ಒಂದು ಮಾತು. ಕುರುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ಇದೆ. ಅದರಡಿ ಪೊರೆ ಆಪರೇಷನ್ ಉಚಿತ, ಶಾಲಾ ಮಕ್ಕಳಿಗೆ ಕನ್ನಡಕವೂ ಉಚಿತ. ದಾವಣಗೆರೆಯ ಚಿಗಟೇರಿ ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಹೋಗಿ ಕಣ್ಣಿನ ವಿಭಾಗ ಕೇಳಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಸಿಗುತ್ತದೆ. ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಕಣ್ಣು ನೋಡಲು ಮನೆಗೆ ಬಂದವರನ್ನು 'ನಮಗೇನೂ ಆಗಿಲ್ಲ' ಅಂತ ಬಾಗಿಲಿಂದಲೇ ಕಳಿಸಬೇಡಿ.

ಕೊನೆಗೆ ನನ್ನ ಕೋರಿಕೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳು ಚೀಟಿ ಇಲ್ಲದೆ ಸ್ಟೀರಾಯ್ಡ್ ಡ್ರಾಪ್ಸ್ ಮಾರುವುದನ್ನು ನಿಜವಾಗಿ ನಿಲ್ಲಿಸಲಿ, ಹಾಗೆ ಮಾರಬಾರದು ಅಂತ ಕಾನೂನಿನಲ್ಲಿ ಈಗಾಗಲೇ ಇದೆ. ಆರೋಗ್ಯ ಇಲಾಖೆ ಮೆಕ್ಕೆಜೋಳದ ಕಟಾವಿಗೆ ಮುಂಚೆಯೇ ಊರೂರಲ್ಲಿ, ಎಪಿಎಂಸಿಯಲ್ಲಿ, ರೈಸ್ ಮಿಲ್ಲುಗಳಲ್ಲಿ, ಇಡೀ ದಿನ ಹೊಗೆಯಲ್ಲಿ ದುಡಿಯುವ ಮಂಡಕ್ಕಿ ಭಟ್ಟಿಗಳಲ್ಲಿ ಹೋಗಿ ಹೇಳಲಿ, ಸಾಧ್ಯವಾದರೆ ಕೂಲಿಯವರಿಗೆ ಒಂದೊಂದು ಸಾದಾ ರಕ್ಷಣೆಯ ಕನ್ನಡಕ ಕೊಡಲಿ. ಕೊಡುವುದಾದರೆ ನಮ್ಮಂಥ ಅಂಗಡಿಯವರು ಅಸಲು ಬೆಲೆಗೆ ಒದಗಿಸಲು ತಯಾರಿದ್ದೇವೆ, ಈ ಬಗ್ಗೆ ಕೆಲವರ ಹತ್ತಿರ ಮಾತಾಡಿಯೂ ಇದ್ದೇನೆ. ನನ್ನ ಕಸುಬಿನವರಲ್ಲಿ ಕೇಳುವುದು ಇಷ್ಟೇ: ನಲವತ್ತು ದಾಟಿದವರು ಬಂದರೆ ನಂಬರ್ ನೋಡುವ ಮುಂಚೆ ಶುಗರ್ ಕೇಳಿ, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದೆಯಾ ಕೇಳಿ, ಅನುಮಾನ ಬಂದರೆ ಆ ದಿನದ ವ್ಯಾಪಾರ ಬಿಟ್ಟು ಡಾಕ್ಟರ್ ಹತ್ತಿರ ಕಳಿಸಿ. ತಾವು ವಾರಕ್ಕೊಂದು ದಿನ ಕಣ್ಣಿನ ಡಾಕ್ಟರ್ ಹತ್ತಿರ ಓದುಗರ ಪ್ರಶ್ನೆಗೆ ಉತ್ತರ ಬರೆಸಿದರೆ ಹಳ್ಳಿಯ ಚಹಾ ಅಂಗಡಿಯಲ್ಲೂ ಅದನ್ನು ಓದುತ್ತಾರೆ.

ಇಂತಿ ತಮ್ಮ ಓದುಗ,
ಕನ್ನಡಕದ ಅಂಗಡಿಯವ, ದಾವಣಗೆರೆ